ವೈಸ್‌ಮನ್‌ನನ್ನು ವಾರಿಯರ್ಸ್ ಇಟ್ಟುಕೊಳ್ಳಬೇಕಾ, ಬಿಟ್ಟುಕೊಡಬೇಕಾ?

ಜಯನಗರ_ಥರ್ಟಿ (ಜನವರಿ 2023)
ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎದಲ್ಲಿ ಫೆಬ್ರವರಿ 9ಕ್ಕೆ ಟ್ರೇಡ್ ಗಡುವು, ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಕೊನೆ ದಿನ. ಅಷ್ಟರೊಳಗೆ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಸೆಂಟರ್ (ರಿಂಗ್ ಹತ್ತಿರ ಆಡುವ ದೊಡ್ಡ ಆಳು) ಜೇಮ್ಸ್ ವೈಸ್‌ಮನ್‌ನನ್ನು ಕಳಿಸಿಬಿಡಿ ಅಂತ ಎಲ್ಲ ಕಡೆ ಕೂಗು. ನನಗೆ ಇದು ಸರಿ ಕಾಣುತ್ತಿಲ್ಲ. ಅದಕ್ಕೇ ಈ ಎಳೆ.

ಹುಡುಗನಿಗೆ ಇನ್ನೂ 21 ವರ್ಷ. ಏಳು ಅಡಿ ಎತ್ತರ, ಕೈ ಚಾಚಿದರೆ ಏಳೂವರೆ ಅಡಿ. 2020ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸುವಾಗ, ಎರಡನೇ ಆಯ್ಕೆ. ಮೊದಲ ಸೀಸನ್‌ನಲ್ಲಿ 39 ಪಂದ್ಯ, ಸರಾಸರಿ 11.5 ಪಾಯಿಂಟ್. 2021ರ ಏಪ್ರಿಲ್‌ನಲ್ಲಿ ಮೊಣಕಾಲಿನ ಮೆನಿಸ್ಕಸ್ ಹರಿಯಿತು. ಡಿಸೆಂಬರ್‌ನಲ್ಲಿ ಇನ್ನೊಂದು ಸರ್ಜರಿ. 2021-22ರ ಸೀಸನ್ ಪೂರ್ತಿ ಹೊರಗೆ. ಈಗ ವಾಪಸ್ ಬಂದಮೇಲೆ ಹನ್ನೊಂದು ಪಂದ್ಯ ಆಡುವಷ್ಟರಲ್ಲೇ ಸಾಂಟಾ ಕ್ರೂಜ್‌ಗೆ, ಎನ್‌ಬಿಎ ಕೆಳಗಿನ ಹಂತದ ಜಿ ಲೀಗ್‌ಗೆ ಕಳಿಸಿದರು. ಇಷ್ಟು ಕಡಿಮೆ ಆಡಿದವನ ಬಗ್ಗೆ ಇಷ್ಟು ಬೇಗ ತೀರ್ಪು ಕೊಡುವುದು ನ್ಯಾಯಾನಾ? ನಾನು ಇಟ್ಟುಕೊಳ್ಳಿ ಅನ್ನುವ ಕಡೆ. ನೀವು?

ಲೂನಿ_ಅಭಿಮಾನಿ
ಕಳಿಸಬೇಕು. ಇವತ್ತೇ.

ಸನ್ನಿವೇಲ್_ಸೀನ
ಸ್ವಲ್ಪ ನಿಧಾನ ಲೂನಿ ಅವರೇ. ಕಾರಣ ಹೇಳಿ ಬೈಯಿರಿ, ಕೇಳೋಣ.

ಲೂನಿ_ಅಭಿಮಾನಿ
ಕಾರಣ ಬೇಕಾ? ನಮ್ಮ ದೊಡ್ಡ ಸ್ಟಾರ್ ಸ್ಟೆಫ್ ಕರಿಗೆ ಮಾರ್ಚ್ ಬಂದರೆ 35. ಡ್ರೇಮಂಡ್‌ಗೂ 33 ಆಗುತ್ತದೆ. ಕ್ಲೇ ಎರಡು ದೊಡ್ಡ ಗಾಯ ದಾಟಿ ಬಂದಿದ್ದಾನೆ. ಈ ಮೂವರ ಜೊತೆ ಇನ್ನು ಎಷ್ಟು ವರ್ಷ ಸಿಗುತ್ತದೆ ಹೇಳಿ? ಕಳೆದ ಜೂನ್‌ನಲ್ಲಿ ಬಾಸ್ಟನ್ ವಿರುದ್ಧ 4-2ರಲ್ಲಿ ಚಾಂಪಿಯನ್ ಆದೆವು. ಈಗ ನೋಡಿದರೆ ಗೆಲುವು ಸೋಲು ಸರಿಸಮ. ಹೊರಗಡೆ ಆಡಲು ಹೋದರೆ ಸೋತೇ ಬರುತ್ತೇವೆ. ಸ್ಟಾರ್ಟರ್‌ಗಳು ಹತ್ತು ಪಾಯಿಂಟ್ ಮುಂದೆ ಬಿಟ್ಟು ಹೋಗುತ್ತಾರೆ, ಬೆಂಚ್ ಬಂದು ನಾಲ್ಕೇ ನಿಮಿಷದಲ್ಲಿ ಅದನ್ನು ಕರಗಿಸುತ್ತದೆ. ಅಕ್ಟೋಬರ್‌, ನವೆಂಬರ್‌ನಲ್ಲಿ ಆ ಬೆಂಚಿನ ನಡುವೆ ನಿಂತಿದ್ದವನು ಯಾರು? ವೈಸ್‌ಮನ್.

ಕರಿಯ ಒಂದು ವರ್ಷವನ್ನು ಇನ್ನೊಬ್ಬರ ಕಲಿಕೆಗೆ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಹುಬ್ಬಳ್ಳಿ_ಹುಡುಗ
ಬೆಂಚ್ ಕೆಟ್ಟಿದ್ದು ಅವನೊಬ್ಬನಿಂದ ಅಲ್ಲರೀ. ಗ್ಯಾರಿ ಪೇಟನ್ ಪೋರ್ಟ್‌ಲ್ಯಾಂಡ್‌ಗೆ ಹೋದ. ಓಟೋ ಪೋರ್ಟರ್ ಟೊರಾಂಟೊಗೆ. ಬಿಯೆಲಿತ್ಸಾ ಯುರೋಪಿಗೆ ವಾಪಸ್. ಆಟ ಗೊತ್ತಿದ್ದ ಮೂವರನ್ನು ಬಿಟ್ಟು, ಆ ಜಾಗದಲ್ಲಿ ಮೂವರು ಹುಡುಗರನ್ನು ನಿಲ್ಲಿಸಿದರೆ ಹೀಗೇ ಆಗೋದು. ಮ್ಯಾನೇಜ್‌ಮೆಂಟ್ ತಪ್ಪಿಗೆ ಹುಡುಗನನ್ನು ಯಾಕೆ ಬೈಯುತ್ತೀರಿ?

ಮಂಡ್ಯ_ಮಗ
ಬ್ರೂಕ್ಲಿನ್ ಪಂದ್ಯ ಯಾರೂ ನೋಡಿಲ್ವಾ? ಡಿಸೆಂಬರ್ 21, 30 ಪಾಯಿಂಟ್! 14 ಹೊಡೆತದಲ್ಲಿ 12 ಒಳಗೆ!

ಲೂನಿ_ಅಭಿಮಾನಿ
ಅದೇ ಪಂದ್ಯದಲ್ಲಿ ಬ್ರೂಕ್ಲಿನ್ ಮೊದಲರ್ಧದಲ್ಲೇ 91 ಹೊಡೆಯಿತು ಮಗಾ. 143-113ರಲ್ಲಿ ಸೋತೆವು. ಪಂದ್ಯ ಕೈಬಿಟ್ಟುಹೋದಮೇಲೆ ಬಂದ 30 ಅದು.

ಮಂಡ್ಯ_ಮಗ
ಆದರೂ 30 ಅಂದರೆ 30. ಸುಮ್ನೆ ಬರುತ್ತಾ ಅದು?

ಕೋಚ್_ಮಾಮ
ಮೈಸೂರಿನಲ್ಲಿ ಸಂಜೆ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಇವನ ಆಟ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಪಾಯಿಂಟ್ ಹೊಡೆಯುವುದು ಅವನ ಸಮಸ್ಯೆ ಅಲ್ಲವೇ ಅಲ್ಲ. ಬಾಲ್ ಮೇಲಕ್ಕೆ ಎಸೆದರೆ ಹಿಡಿದು ಡಂಕ್ ಮಾಡುತ್ತಾನೆ. ಸಮಸ್ಯೆ ಇರುವುದು ಎರಡು ಕಡೆ.

ಒಂದು, ಸ್ಕ್ರೀನ್. ಅಂದರೆ ನಮ್ಮವನನ್ನು ಕಾಯುವ ಎದುರಾಳಿಯ ದಾರಿಗೆ ಅಡ್ಡ ನಿಲ್ಲುವುದು. ಕರಿಗೆ ಸ್ಕ್ರೀನ್ ಹಾಕಲು ಬರುತ್ತಾನೆ. ಎದುರಾಳಿ ಗಾರ್ಡ್ ಇನ್ನೂ ತಾಗಿರುವುದಿಲ್ಲ, ಅಷ್ಟರಲ್ಲೇ ಇವನು ರಿಂಗ್ ಕಡೆ ಓಡಿರುತ್ತಾನೆ. ಆ ಸ್ಕ್ರೀನ್ ಇದ್ದೂ ಇಲ್ಲದ ಹಾಗೆ. ತಂಡದ ಇನ್ನೊಬ್ಬ ಸೆಂಟರ್ ಲೂನಿಯನ್ನು ನೋಡಿ. ಎರಡೂ ಪಾದ ಊರಿ ನಿಲ್ಲುತ್ತಾನೆ, ಭುಜಕ್ಕೆ ಬಡಿಸಿಕೊಳ್ಳುತ್ತಾನೆ, ಗಾರ್ಡ್ ಒಂದು ಹೆಜ್ಜೆ ಹಿಂದೆ ಬಿದ್ದಮೇಲೆ ಮಾತ್ರ ಹೊರಡುತ್ತಾನೆ. ಕರಿಗೆ ಆ ಒಂದು ಹೆಜ್ಜೆ ಸಾಕು.

ಎರಡು, ಡಿಫೆನ್ಸ್. ಎದುರಾಳಿಗಳಲ್ಲಿ ಸ್ಕ್ರೀನ್ ಹಾಕಿದವನೇ ರಿಂಗ್ ಕಡೆ ಓಡುವ ಪಿಕ್ ಅಂಡ್ ರೋಲ್ ಬಂದಾಗ ಬಾಲ್ ಇರುವವನನ್ನೂ ನೋಡಬೇಕು, ಬೆನ್ನ ಹಿಂದೆ ರಿಂಗ್ ಕಡೆ ಓಡುತ್ತಿರುವವನನ್ನೂ ನೋಡಬೇಕು. ಇವನು ಒಬ್ಬನನ್ನು ನೋಡುತ್ತಾ ಇನ್ನೊಬ್ಬನನ್ನು ಮರೆಯುತ್ತಾನೆ. ಶಾಟ್ ಹೊಡೆಯುವ ಹಾಗೆ ಕೈ ಎತ್ತಿದರೆ ಸಾಕು, ಹಾರಿಬಿಡುತ್ತಾನೆ. ಆಮೇಲೆ ಫೌಲ್. ನಾಲ್ಕು ನಿಮಿಷದಲ್ಲಿ ಎರಡು ಫೌಲ್ ಆದರೆ ಕೋಚ್ ಏನು ಮಾಡಬೇಕು? ಕೂರಿಸಲೇಬೇಕು.

ಇವು ಎರಡೂ ಹುಟ್ಟಿನಿಂದ ಬರುವ ಗುಣ ಅಲ್ಲ, ಕಲಿಯುವಂಥವು. ಆದರೆ ಬರೀ ಪ್ರಾಕ್ಟೀಸ್‌ನಲ್ಲಿ ಬರುವುದಿಲ್ಲ. ಪಂದ್ಯದಲ್ಲಿ ನೂರು ಸಲ ಮೋಸಹೋದಮೇಲೆ ಬರುತ್ತವೆ. ಚಾಂಪಿಯನ್ ತಂಡದಲ್ಲಿ ಆ ನೂರು ಸಲ ಮೋಸಹೋಗುವುದಕ್ಕೆ ಅವಕಾಶ ಇಲ್ಲ. ಅದಕ್ಕೇ ನನ್ನ ಅಭಿಪ್ರಾಯ: ಹುಡುಗನ ಒಳ್ಳೆಯದಕ್ಕೇ ಕಳಿಸಬೇಕು.

ಜಯನಗರ_ಥರ್ಟಿ
ಮಾಮ, ಕಲಿಸಲು ಅಲ್ಲೇ ಜನ ಇದ್ದಾರಲ್ಲ? ಸಹಾಯಕ ಕೋಚ್ ದೇಯಾನ್ ಮಿಲೊಯೆವಿಚ್ ಇದ್ದಾರೆ. ಇವತ್ತಿನ ದೊಡ್ಡ ಸೆಂಟರ್ ನಿಕೊಲಾ ಯೋಕಿಚ್‌ಗೆ ಸರ್ಬಿಯಾದಲ್ಲಿ ಹೇಳಿಕೊಟ್ಟವರು. ಅಂಥ ಗುರು ಇನ್ನೆಲ್ಲಿ ಸಿಗುತ್ತಾರೆ?

ಕೋಚ್_ಮಾಮ
ಗುರು ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯೋಕಿಚ್ ಅವರ ಕೈಕೆಳಗೆ ಇದ್ದಾಗ ಪಂದ್ಯದಲ್ಲಿ ಆಡುತ್ತಿದ್ದ. ಬೆಂಚ್ ಮೇಲೆ ಕೂತಿರಲಿಲ್ಲ.

ಸೆಲ್ಟಿಕ್ಸ್_ಕುಡ್ಲ
ನಾನು ಬಾಸ್ಟನ್ ಫ್ಯಾನ್, ಆದರೂ ಒಂದು ಮಾತು. ಬೇಗ ಕೈಬಿಟ್ಟರೆ ಏನಾಗುತ್ತದೆ ಅಂತ ನಮ್ಮನ್ನು ಕೇಳಿ. 1997ರಲ್ಲಿ ಚಾನ್ಸಿ ಬಿಲಪ್ಸ್‌ನನ್ನು ಮೂರನೇ ಆಯ್ಕೆಯಲ್ಲಿ ತೆಗೆದುಕೊಂಡೆವು. 51 ಪಂದ್ಯ ಆಡಿಸಿ ಟೊರಾಂಟೊಗೆ ಕೊಟ್ಟೆವು. ಅವನು ಊರೂರು ಸುತ್ತಿ ಕೊನೆಗೆ ಡೆಟ್ರಾಯಿಟ್‌ನಲ್ಲಿ ನೆಲೆ ನಿಂತ. 2004ರ ಫೈನಲ್ಸ್ ಎಂವಿಪಿ ಆದ. ನಮ್ಮ ಕೈಗೆ ಏನೂ ಉಳಿಯಲಿಲ್ಲ.

ಲೂನಿ_ಅಭಿಮಾನಿ
ಅದೇ 2004ರ ಡೆಟ್ರಾಯಿಟ್ ತಂಡದ ಬೆಂಚ್ ಮೇಲೆ ಯಾರು ಕೂತಿದ್ದರು ಅದನ್ನೂ ಹೇಳಿ. ಡಾರ್ಕೊ ಮಿಲಿಚಿಚ್. 2003ರಲ್ಲಿ ಎರಡನೇ ಆಯ್ಕೆ. ಅವನ ನಂತರ ಆಯ್ಕೆಯಾದವರು ಆಮೇಲೆ ಸ್ಟಾರ್ ಆದ ಕಾರ್ಮೆಲೊ ಆಂಥನಿ, ಕ್ರಿಸ್ ಬಾಶ್, ಡ್ವೇನ್ ವೇಡ್. ತಂಡ ಗೆಲ್ಲುತ್ತಿತ್ತು, ಹುಡುಗ ಕೂತೇ ಇದ್ದ. 2006ರಲ್ಲಿ ಒರ್ಲ್ಯಾಂಡೊಗೆ ಕೊಟ್ಟರು. ವೈಸ್‌ಮನ್‌ಗೆ ಹತ್ತಿರದ ಉದಾಹರಣೆ ಬಿಲಪ್ಸ್ ಅಲ್ಲ, ಡಾರ್ಕೊ.

ಪೋಸ್ಟ್_ಅಪ್_ಪದ್ಮ
ಡಾರ್ಕೊ ಉದಾಹರಣೆ ನೀವು ಹೇಳುತ್ತಿರುವುದಕ್ಕೆ ಉಲ್ಟಾ ಅಲ್ವಾ? ಅವನನ್ನು ಆಡಿಸಲಿಲ್ಲ, ಅದಕ್ಕೇ ಅವನು ಬೆಳೆಯಲಿಲ್ಲ. ಕೂರಿಸಿ ಕೂರಿಸಿ ಹಾಳು ಮಾಡಿ, ಆಮೇಲೆ ಹುಡುಗನದೇ ತಪ್ಪು ಅನ್ನುವುದು.

ಕಾಲೇಜಿನಲ್ಲಿ ನಾನು ಸೆಂಟರ್ ಆಡುತ್ತಿದ್ದೆ. ಕಾಲೇಜಿನ ಹೆಸರು ಬೇಡ. ಹೈಟ್ ಇದೆ ಅನ್ನುವ ಒಂದೇ ಕಾರಣಕ್ಕೆ ಟೀಮಿಗೆ ಸೇರಿಸಿಕೊಂಡರು. ಪೋಸ್ಟ್‌ನಲ್ಲಿ ಹೇಗೆ ನಿಲ್ಲಬೇಕು, ಬೆನ್ನು ಕೊಟ್ಟು ಬಾಲ್ ಹೇಗೆ ತೆಗೆದುಕೊಳ್ಳಬೇಕು, ಯಾರೂ ಹೇಳಿಕೊಡಲಿಲ್ಲ. ಒಂದು ಪಾಸ್ ಕೈಜಾರಿದರೆ ಬೆಂಚ್‌ನಿಂದ ಕೂಗು, ಮುಂದಿನ ನಿಮಿಷ ಸಬ್. ಸ್ವಲ್ಪ ದಿನದಲ್ಲೇ ಬಾಲ್ ನನ್ನ ಕಡೆ ಬರದೇ ಇದ್ದರೆ ಸಾಕು ಅನ್ನಿಸುತ್ತಿತ್ತು. ಅಂಥ ಭಯ ಹೊತ್ತುಕೊಂಡು ಆಡಲು ಆಗುವುದಿಲ್ಲ. ವೈಸ್‌ಮನ್ ತಪ್ಪು ಮಾಡಿದ ಕೂಡಲೇ ಬೆಂಚ್ ಕಡೆ ತಿರುಗಿ ನೋಡುತ್ತಾನಲ್ಲ, ಅದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಹುಬ್ಬಳ್ಳಿ_ಹುಡುಗ
ಅಕ್ಕ, ನೂರಕ್ಕೆ ನೂರು ನಿಜ.

ಮಂಡ್ಯ_ಮಗ
ಅವನು ಮೆಂಫಿಸ್‌ನಲ್ಲಿ ಒಂದು ವರ್ಷ ಕಾಲೇಜ್ ಆಡಿ ಬಂದವನು. ಅಲ್ಲೇ ಕಲಿತಿರಬೇಕಿತ್ತು, ಅದನ್ನೂ ಒಪ್ಪಬೇಕು.

ಸನ್ನಿವೇಲ್_ಸೀನ
ಒಂದು ವರ್ಷ ಅಲ್ಲ, ಬರೀ ಮೂರು ಪಂದ್ಯ. ಅವನು ಹೈಸ್ಕೂಲ್‌ನಲ್ಲಿ ಇದ್ದಾಗ, 2017ರಲ್ಲಿ, ಕುಟುಂಬ ಮೆಂಫಿಸ್‌ಗೆ ಮನೆ ಬದಲಿಸಲು ಮಾಜಿ ಎನ್‌ಬಿಎ ಆಟಗಾರ ಪೆನಿ ಹಾರ್ಡವೇ 11,500 ಡಾಲರ್ ಕೊಟ್ಟಿದ್ದರು. ಆಮೇಲೆ ಹಾರ್ಡವೇ ಮೆಂಫಿಸ್ ಯೂನಿವರ್ಸಿಟಿಗೇ ಕೋಚ್ ಆದರು. ಕಾಲೇಜ್ ಕ್ರೀಡೆ ನಡೆಸುವ ಎನ್‌ಸಿಎಎ ಅದನ್ನು ಹಿಡಿದುಕೊಂಡು 12 ಪಂದ್ಯ ಸಸ್ಪೆಂಡ್ ಮಾಡಿತು. ಅಷ್ಟೇ ಹಣವನ್ನು ದಾನ ಕೊಡು ಅಂತಲೂ ಹೇಳಿತು. ಇವನು ಕಾಲೇಜ್ ಬಿಟ್ಟು ಡ್ರಾಫ್ಟ್‌ಗೆ ತಯಾರಿ ಶುರು ಮಾಡಿದ.

ಲೆಕ್ಕ ಹಾಕಿ ನೋಡಿ. ಕಾಲೇಜ್ ಮೂರು ಪಂದ್ಯ. ಆಮೇಲೆ ಕೋವಿಡ್. ಆಮೇಲೆ 39 ಪಂದ್ಯ. ಆಮೇಲೆ ಗಾಯ. ನಾಲ್ಕು ವರ್ಷದಲ್ಲಿ ಅವನು ಆಡಿದ್ದು ಒಂದು ಪೂರ್ತಿ ಸೀಸನ್‌ಗಿಂತ ಕಡಿಮೆ.

ಲೆಕ್ಕದ_ಮನುಷ್ಯ
ದುಡ್ಡಿನ ವಿಷಯ ಯಾರೂ ಎತ್ತಿಲ್ಲ. ಈ ವರ್ಷ ಅವನ ಸಂಬಳ 9.6 ಮಿಲಿಯನ್ ಡಾಲರ್. ಮುಂದಿನ ವರ್ಷ 12.1 ಮಿಲಿಯನ್, ಅದು ಆಗಲೇ ಖಾತ್ರಿ ಆಗಿದೆ. ಸಂಬಳ ಇಷ್ಟೇ ಆದರೆ ತೊಂದರೆ ಇಲ್ಲ. ವಾರಿಯರ್ಸ್ ಲಕ್ಷುರಿ ಟ್ಯಾಕ್ಸ್ ಗೆರೆಯನ್ನು, ಅಂದರೆ ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿಯನ್ನು, ಎಷ್ಟೋ ದಾಟಿ ಹೋಗಿದೆ. ವರ್ಷಗಟ್ಟಲೆ ದಾಟುತ್ತಾ ಬಂದ ತಂಡಕ್ಕೆ ದರವೂ ಏರುತ್ತದೆ. ಆ ಗೆರೆಯ ಮೇಲಿನ ಒಂದೊಂದು ಡಾಲರ್‌ಗೂ ಹಲವು ಡಾಲರ್ ದಂಡ. ಅಂದರೆ ನಾಲ್ಕು ನಿಮಿಷ ಆಡುವ ಹುಡುಗನಿಗೆ ಮಾಲೀಕರು ನಿಜವಾಗಿ ಕಟ್ಟುವುದು ಅವನ ಸಂಬಳದ ಹಲವು ಪಟ್ಟು. ಪೂಲ್‌ಗೆ, ವಿಗಿನ್ಸ್‌ಗೆ ಹೊಸ ಒಪ್ಪಂದ ಆಗಿದೆ. ಡ್ರೇಮಂಡ್‌ದು ಬಾಕಿ. ಎಲ್ಲಿಂದಲೋ ಕಡಿಯಲೇಬೇಕು.

ಜಯನಗರ_ಥರ್ಟಿ
ಪೂಲ್ ಹೆಸರು ನೀವೇ ತೆಗೆದಿದ್ದು ಒಳ್ಳೆಯದಾಯಿತು. ಜೋರ್ಡನ್ ಪೂಲ್ ಮೊದಲ ವರ್ಷ ಹೇಗಿದ್ದ ನೆನಪಿದೆಯಾ? 33 ಪರ್ಸೆಂಟ್ ಶೂಟಿಂಗ್. ಇವನು ಎನ್‌ಬಿಎ ಆಟಗಾರನೇ ಅಲ್ಲ ಅಂದವರು ಎಷ್ಟು ಜನ! 2021ರ ಫೆಬ್ರವರಿಯಲ್ಲಿ ಜಿ ಲೀಗ್‌ಗೆ ಕಳಿಸಿದರು. ವಾಪಸ್ ಬಂದವನು ಬೇರೆಯೇ ಆಟಗಾರ. ಮುಂದಿನ ವರ್ಷ ಚಾಂಪಿಯನ್. ಇದೇ ತಂಡ, ಇದೇ ಕೋಚ್. ಪೂಲ್‌ಗೆ ಕೊಟ್ಟ ತಾಳ್ಮೆ ವೈಸ್‌ಮನ್‌ಗೆ ಯಾಕಿಲ್ಲ?

ಲೂನಿ_ಅಭಿಮಾನಿ
ಪೂಲ್ ಕೆಟ್ಟದಾಗಿ ಆಡಿದ ವರ್ಷ ತಂಡವೇ ಕೆಟ್ಟದಾಗಿತ್ತು. 2019-20ರಲ್ಲಿ 15 ಗೆಲುವು, 50 ಸೋಲು. ಕರಿ ಕೈ ಮುರಿದುಕೊಂಡಿದ್ದ, ಕ್ಲೇ ಇರಲಿಲ್ಲ. ಪೂಲ್ ಎಷ್ಟು ತಪ್ಪು ಮಾಡಿದರೂ ಯಾರೂ ಕೇಳುವವರಿರಲಿಲ್ಲ. ಆ ಸೋಲುಗಳಿಂದಲೇ ಎರಡನೇ ಆಯ್ಕೆ ಸಿಕ್ಕಿದ್ದು, ಅದರಲ್ಲೇ ವೈಸ್‌ಮನ್ ಬಂದಿದ್ದು. ಅಂಥ ವರ್ಷ ಈಗ ಮತ್ತೆ ತರಲು ಆಗುತ್ತಾ?

ಕೋಚ್_ಮಾಮ
ಇದನ್ನೇ ನಾನು ಹೇಳಿದ್ದು. ಪೂಲ್‌ಗೆ ನಿಮಿಷ ಸಿಕ್ಕಿತು. ಇವನಿಗೆ ಸಿಗುತ್ತಿಲ್ಲ, ಈ ತಂಡದಲ್ಲಿ ಸಿಗುವುದೂ ಇಲ್ಲ.

ಪೋಸ್ಟ್_ಅಪ್_ಪದ್ಮ
ಲೂನಿ ಅಭಿಮಾನಿಯವರೇ, ನಿಮ್ಮ ಲೂನಿಯ ಕಥೆಯನ್ನೇ ತೆಗೆದುಕೊಳ್ಳಿ. 2015ರಲ್ಲಿ 30ನೇ ಆಯ್ಕೆ. ಎರಡೂ ಸೊಂಟದ ಸರ್ಜರಿ. ಮೊದಲ ವರ್ಷ ಆಡಿದ್ದು ಐದೇ ಪಂದ್ಯ. 2017ರಲ್ಲಿ ತಂಡ ಅವನ ಒಪ್ಪಂದದ ನಾಲ್ಕನೇ ವರ್ಷವೇ ಬೇಡ ಅಂದಿತು. ಆದರೂ ಕಡಿಮೆ ದುಡ್ಡಿಗೆ ಉಳಿದುಕೊಂಡ. ಕಳೆದ ಸೀಸನ್‌ನಲ್ಲಿ 82ಕ್ಕೆ 82 ಪಂದ್ಯ. ಮೆಂಫಿಸ್ ವಿರುದ್ಧ ಆರನೇ ಪಂದ್ಯದಲ್ಲಿ 22 ರಿಬೌಂಡ್. ಅವತ್ತು ಅವನನ್ನು ಪೂರ್ತಿ ಕೈಬಿಟ್ಟಿದ್ದರೆ?

ಲೂನಿ_ಅಭಿಮಾನಿ
ಲೂನಿ ಸ್ಕ್ರೀನ್ ಹಾಕುವುದನ್ನು ಮೊದಲ ದಿನದಿಂದ ತಿಳಿದಿದ್ದ ಪದ್ಮ ಅವರೇ. ಅವನಿಗೆ ಬೇಕಿದ್ದದ್ದು ಆರೋಗ್ಯ ಒಂದೇ. ಆದರೂ ನೀವು ಹೇಳಿದ್ದರಲ್ಲಿ ತೂಕ ಇದೆ, ಇಲ್ಲ ಅನ್ನುವುದಿಲ್ಲ.

ಮಂಡ್ಯ_ಮಗ
ಇದೆಲ್ಲ ಓದುತ್ತಾ ನನಗೆ ಆರ್‌ಸಿಬಿ ನೆನಪಾಯಿತು. ಕೆ.ಎಲ್. ರಾಹುಲ್!

ಹುಬ್ಬಳ್ಳಿ_ಹುಡುಗ
ಅಯ್ಯೋ ಆ ಗಾಯಕ್ಕೆ ಉಪ್ಪು ಹಾಕಬೇಡಪ್ಪ. 2016ರಲ್ಲಿ ನಮ್ಮ ಪರ ಸುಮಾರು 400 ರನ್ ಹೊಡೆದ. 2017ರಲ್ಲಿ ಭುಜದ ಗಾಯ, ಆಡಲಿಲ್ಲ. 2018ಕ್ಕೆ ಕೊಹ್ಲಿ, ಡಿವಿಲಿಯರ್ಸ್, ಸರ್ಫರಾಜ್‌ನನ್ನು ಇಟ್ಟುಕೊಂಡು ರಾಹುಲ್‌ನನ್ನು ಬಿಟ್ಟರು. ಪಂಜಾಬ್ 11 ಕೋಟಿಗೆ ಕೊಂಡುಕೊಂಡಿತು. ಮೊದಲ ವರ್ಷವೇ 659 ರನ್.

ಸೆಲ್ಟಿಕ್ಸ್_ಕುಡ್ಲ
ಪಡಿಕ್ಕಲ್‌ನನ್ನೂ ಸೇರಿಸಿ. ಈಗ ರಾಜಸ್ಥಾನದಲ್ಲಿ ಇದ್ದಾನೆ.

ಲೆಕ್ಕದ_ಮನುಷ್ಯ
ಆರ್‌ಸಿಬಿಗೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿಗೆ ಹೋಗಿ. ಒಂದು ವ್ಯತ್ಯಾಸ ಮಾತ್ರ ಹೇಳಿ ಮುಗಿಸುತ್ತೇನೆ. ಐಪಿಎಲ್‌ನಲ್ಲಿ ಬಿಟ್ಟರೆ ಹರಾಜಿನಲ್ಲಿ ಮತ್ತೆ ಕೊಳ್ಳಬಹುದು, ಕೈಗೆ ದುಡ್ಡಾದರೂ ಉಳಿಯುತ್ತದೆ. ಎನ್‌ಬಿಎದಲ್ಲಿ ಟ್ರೇಡ್ ಮಾಡಿದಾಗ ಬದಲಿಗೆ ಏನು ಬಂತು ಅನ್ನುವುದೇ ಎಲ್ಲ. ನಾನು ಕೇಳುವುದು ಅದನ್ನೇ. ವೈಸ್‌ಮನ್‌ಗೆ ಇವತ್ತು ಏನು ಬೆಲೆ ಸಿಗುತ್ತದೆ? ಡ್ರಾಫ್ಟ್ ದಿನ ಇದ್ದ ಬೆಲೆಯಲ್ಲಿ ಕಾಲು ಭಾಗವೂ ಇಲ್ಲ.

ಜಯನಗರ_ಥರ್ಟಿ
ಅದೇ ಅಲ್ವಾ ಸರ್ ನನ್ನ ವಾದ! ಬೆಲೆ ಬಿದ್ದಿರುವಾಗ ಯಾಕೆ ಮಾರಬೇಕು?

ಲೆಕ್ಕದ_ಮನುಷ್ಯ
ಇನ್ನೂ ಬೀಳಬಹುದು ಅನ್ನುವ ಕಾರಣಕ್ಕೆ.

ಸನ್ನಿವೇಲ್_ಸೀನ
ಸಾಂಟಾ ಕ್ರೂಜ್ ನನ್ನ ಮನೆಯಿಂದ ದೂರವಿಲ್ಲ. ಹೈವೇ 17ರಲ್ಲಿ ಗುಡ್ಡ ಹತ್ತಿ ಇಳಿದರೆ ಬಂತು. ಮಗಳನ್ನು ಕರೆದುಕೊಂಡು ಒಂದು ಪಂದ್ಯಕ್ಕೆ ಹೋಗಿದ್ದೆ. ಚಿಕ್ಕ ಹಾಲ್, ಎರಡೂವರೆ ಸಾವಿರ ಜನ ಹಿಡಿಸಬಹುದು. ವಾರಿಯರ್ಸ್ ಆಡುವ ಚೇಸ್ ಸೆಂಟರ್‌ನಲ್ಲಿ ಮೇಲಿನ ಸಾಲಿಗೆ ಕೊಡುವ ದುಡ್ಡಿನಲ್ಲಿ ಇಲ್ಲಿ ಅಂಗಳದ ಪಕ್ಕದಲ್ಲೇ ಕೂರಬಹುದು. ಶೂ ಕಿರುಗುಟ್ಟುವುದು, ಆಟಗಾರರು ಕೂಗಿಕೊಳ್ಳುವುದು ಎಲ್ಲ ಕೇಳಿಸುತ್ತದೆ.

ಅಲ್ಲಿ ನೋಡಿದ ವೈಸ್‌ಮನ್ ಬೇರೆ. ಬಾಲ್ ಬೇಕು ಅಂತ ಕೈ ಎತ್ತಿ ಕೇಳುತ್ತಿದ್ದ. ತಪ್ಪಾದರೆ ತಲೆ ಅಲ್ಲಾಡಿಸಿ ವಾಪಸ್ ಓಡುತ್ತಿದ್ದ, ಬೆಂಚ್ ಕಡೆ ನೋಡುತ್ತಿರಲಿಲ್ಲ. ಆದರೆ ಕೋಚ್ ಮಾಮ ಹೇಳಿದ ಸ್ಕ್ರೀನ್ ವಿಷಯ ಅಲ್ಲೂ ಹಾಗೇ ಇತ್ತು. ಬೇಗ ಬಿಟ್ಟು ಓಡುವುದು. ಎದುರಾಳಿಗಳು ಚಿಕ್ಕವರಾದ್ದರಿಂದ ನಡೆದುಹೋಯಿತು.

ನನಗೆ ಎರಡು ಮನಸ್ಸು. ಅವನು ಎಲ್ಲಾದರೂ ದಿನಕ್ಕೆ 30 ನಿಮಿಷ ಆಡುವುದನ್ನು ನೋಡಬೇಕು ಅನ್ನಿಸುತ್ತದೆ. ಅದು ಇಲ್ಲಿ ಆಗಲ್ಲ ಅಂತ ಗೊತ್ತಾಗಿಯೂ ಇಲ್ಲೇ ಇರಲಿ ಅನ್ನಿಸುತ್ತದೆ.

ಹುಬ್ಬಳ್ಳಿ_ಹುಡುಗ
ನಮ್ಮ ಸತ್ನಾಮ್ ಸಿಂಗ್ ಕೂಡ ಹೀಗೇ ಕಾದಿದ್ದರಲ್ವಾ? ಪಂಜಾಬಿನ ಹಳ್ಳಿಯಿಂದ ಹೋಗಿ 2015ರಲ್ಲಿ ಡ್ರಾಫ್ಟ್ ಆದರು.

ಪೋಸ್ಟ್_ಅಪ್_ಪದ್ಮ
ಹೌದು, 52ನೇ ಆಯ್ಕೆ, ಡಲ್ಲಾಸ್. ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದ ಮೊದಲಿಗರು. ಜಿ ಲೀಗ್ ತಂಡ ಟೆಕ್ಸಸ್ ಲೆಜೆಂಡ್ಸ್‌ನಲ್ಲಿ ಎರಡು ಸೀಸನ್ ಇದ್ದರು. ಎನ್‌ಬಿಎ ಪಂದ್ಯ ಒಂದೂ ಸಿಗಲಿಲ್ಲ. ಈಗ ಕುಸ್ತಿ ರಿಂಗ್‌ನಲ್ಲಿ ಇದ್ದಾರೆ. ಎತ್ತರದ ಹುಡುಗರನ್ನು ಎಲ್ಲರೂ ಆಸೆಪಟ್ಟು ಕರೆಯುತ್ತಾರೆ. ಕೂತು ಕಲಿಸಲು ಸಮಯ ಕೊಡುವವರು ಕಡಿಮೆ. ನಮ್ಮಲ್ಲೂ ಅಷ್ಟೇ, ಅಲ್ಲೂ ಅಷ್ಟೇ.

ಮಂಡ್ಯ_ಮಗ
ಅದೇ ಡ್ರಾಫ್ಟ್‌ನಲ್ಲಿ ಇವನ ಬದಲು ಗಾರ್ಡ್ ಲಾಮೆಲೊ ಬಾಲ್‌ನನ್ನು ತೆಗೆದುಕೊಂಡಿದ್ದರೆ ಈ ಗೋಳೇ ಇರುತ್ತಿರಲಿಲ್ಲ.

ಸನ್ನಿವೇಲ್_ಸೀನ
ಈಗ ಹಾಗೆ ಹೇಳುವುದು ಸುಲಭ. ಡ್ರಾಫ್ಟ್ ದಿನವೇ ಕ್ಲೇಗೆ ಹಿಮ್ಮಡಿಯ ಅಕಿಲೀಸ್ ಹರಿಯಿತು, ನೆನಪಿದೆಯಾ? ತಂಡದಲ್ಲಿ ದೊಡ್ಡ ಆಳುಗಳು ಕಡಿಮೆ, ಗಾರ್ಡ್‌ಗಳು ಇದ್ದರು. ಆ ದಿನ ನಾನಾಗಿದ್ದರೂ ಸೆಂಟರ್ ಅನ್ನೇ ತೆಗೆದುಕೊಳ್ಳುತ್ತಿದ್ದೆ.

ಸೆಲ್ಟಿಕ್ಸ್_ಕುಡ್ಲ
ಅದೇ ಡ್ರಾಫ್ಟ್‌ನಲ್ಲಿ 12ನೇ ಆಯ್ಕೆಯವರೆಗೂ, ಈಗ ಸ್ಟಾರ್ ಆಗಿರುವ ಹ್ಯಾಲಿಬರ್ಟನ್ ಉಳಿದಿದ್ದ. ಅವನನ್ನು 11 ತಂಡಗಳು ಬಿಟ್ಟವು. ನಿಮ್ಮದೊಂದೇ ಅಲ್ಲ, ಸಮಾಧಾನ ಮಾಡಿಕೊಳ್ಳಿ.

ಜಯನಗರ_ಥರ್ಟಿ (ಫೆಬ್ರವರಿ 10)
ಬೆಳಗ್ಗೆ ಎದ್ದು ಫೋನ್ ನೋಡಿದೆ. ಕಳಿಸಿಬಿಟ್ಟರು. ಡೆಟ್ರಾಯಿಟ್‌ಗೆ.

ಲೆಕ್ಕದ_ಮನುಷ್ಯ
ನಾಲ್ಕು ತಂಡಗಳ ಟ್ರೇಡ್. ವೈಸ್‌ಮನ್ ಡೆಟ್ರಾಯಿಟ್‌ಗೆ, ಸದ್ದೀಕ್ ಬೇ ಅಟ್ಲಾಂಟಾಗೆ, ಪೋರ್ಟ್‌ಲ್ಯಾಂಡ್‌ಗೆ ಮುಂದಿನ ಡ್ರಾಫ್ಟ್‌ಗಳಲ್ಲಿ ಐದು ಸೆಕೆಂಡ್ ರೌಂಡ್ ಆಯ್ಕೆಗಳು, ನಮಗೆ ಗ್ಯಾರಿ ಪೇಟನ್ ವಾಪಸ್.

ಲೂನಿ_ಅಭಿಮಾನಿ
ಪೇಟನ್ ಬಂದ! ಇದಕ್ಕಿಂತ ಇನ್ನೇನು ಬೇಕು? ಎದುರಾಳಿಯ ಒಳ್ಳೆಯ ಗಾರ್ಡ್‌ಗೆ ಅಂಟಿಕೊಂಡು ನಿಲ್ಲುವವನು ಈ ಸೀಸನ್ ಪೂರ್ತಿ ನಮ್ಮಲ್ಲಿ ಇರಲೇ ಇಲ್ಲ.

ಹುಬ್ಬಳ್ಳಿ_ಹುಡುಗ
ಬೇಸಿಗೆಯಲ್ಲಿ ದುಡ್ಡು ಜಾಸ್ತಿ ಆಯಿತು ಅಂತ ಬಿಟ್ಟವನನ್ನು, ಎರಡನೇ ಆಯ್ಕೆಯ ಹುಡುಗನನ್ನು ಕೊಟ್ಟು ವಾಪಸ್ ತಂದರು. ಇದನ್ನು ನಾನು ಒಳ್ಳೆಯ ವ್ಯಾಪಾರ ಅನ್ನಲ್ಲ.

ಪೋಸ್ಟ್_ಅಪ್_ಪದ್ಮ
ಡೆಟ್ರಾಯಿಟ್‌ನಲ್ಲೂ ಜಾಗ ಎಲ್ಲಿದೆ? ಡುರೆನ್, ಸ್ಟೂವರ್ಟ್, ಬ್ಯಾಗ್ಲಿ, ಆಗಲೇ ಮೂವರು ದೊಡ್ಡವರು ಇದ್ದಾರೆ. ಬ್ಯಾಗ್ಲಿ ಕೂಡ 2018ರ ಎರಡನೇ ಆಯ್ಕೆ, ಸ್ಯಾಕ್ರಮೆಂಟೊ ಕೈಬಿಟ್ಟವನು.

ಕೋಚ್_ಮಾಮ
ಜಾಗ ಇದೆ ಪದ್ಮ. ಅವರ ಮುಖ್ಯ ಆಟಗಾರ ಕೇಡ್ ಕನ್ನಿಂಗ್‌ಹ್ಯಾಮ್ ಮೊಣಕಾಲಿನ ಕೆಳಗೆ ಸರ್ಜರಿ ಆಗಿ ಈ ಸೀಸನ್ ಆಡುವುದಿಲ್ಲ. ತಂಡ ಪಟ್ಟಿಯ ತಳದಲ್ಲಿದೆ. ಅಲ್ಲಿ ಸೋತರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ನಾನು ಹೇಳಿದ ನೂರು ಸಲ ಮೋಸಹೋಗುವ ಅವಕಾಶ ಅವನಿಗೆ ಅಲ್ಲಿ ಸಿಗುತ್ತದೆ.

ಲೆಕ್ಕದ_ಮನುಷ್ಯ (ಫೆಬ್ರವರಿ 13)
ಮೆಡಿಕಲ್‌ನಲ್ಲಿ ಪೇಟನ್‌ಗೆ ಗಾಯ ಇರುವುದು ಗೊತ್ತಾಗಿದೆ. ಕಿಬ್ಬೊಟ್ಟೆಯ ಸ್ನಾಯು. ಸದ್ಯಕ್ಕೆ ಆಡುವ ಹಾಗಿಲ್ಲ. ಆದರೂ ವಾರಿಯರ್ಸ್ ಟ್ರೇಡ್ ರದ್ದು ಮಾಡಲಿಲ್ಲ.

ಜಯನಗರ_ಥರ್ಟಿ
ರದ್ದು ಮಾಡಿದ್ದರೆ ವೈಸ್‌ಮನ್ ವಾಪಸ್ ಬರುತ್ತಿದ್ದ. ಗಾಯಗೊಂಡವನೇ ಆದರೂ ಸರಿ, ಇವನು ಬೇಡ ಅಂದರು. ಟ್ರೇಡ್‌ಗಿಂತ ನನಗೆ ಇದೇ ಜಾಸ್ತಿ ನೋವಾಗಿದ್ದು.

ಲೂನಿ_ಅಭಿಮಾನಿ
ಅವನು ಬೇಡ ಅಂತಲ್ಲ ಗುರು. ಪ್ಲೇಆಫ್‌ಗೆ ಪೇಟನ್ ಬೇಕು ಅಂತ. ಏಪ್ರಿಲ್‌ಗೆ ರೆಡಿ ಆದರೆ ಸಾಕು.

ಪೋಸ್ಟ್_ಅಪ್_ಪದ್ಮ
ನಾನಂತೂ ಇನ್ನು ಮೇಲೆ ಡೆಟ್ರಾಯಿಟ್ ಪಿಸ್ಟನ್ಸ್ ಪಂದ್ಯವನ್ನೂ ನೋಡುತ್ತೇನೆ.

ಜಯನಗರ_ಥರ್ಟಿ
ನಾನೂ. ಅವರ ಹೋಮ್ ಗೇಮ್ ನಮಗೆ ಎಷ್ಟು ಗಂಟೆಗೆ ಬರುತ್ತದೆ? ವಾರಿಯರ್ಸ್‌ದು 8:30ಕ್ಕೆ ಅಭ್ಯಾಸ ಆಗಿಬಿಟ್ಟಿದೆ.

ಸನ್ನಿವೇಲ್_ಸೀನ
ಅವರ 7 ಗಂಟೆ ಅಂದರೆ ನಿಮಗೆ ಬೆಳಗಿನ 5:30. ಮಾರ್ಚ್‌ನಲ್ಲಿ ಇಲ್ಲಿ ಗಡಿಯಾರ ಮುಂದೆ ಹೋದಮೇಲೆ 4:30. ಅಲಾರಾಂ ಇಟ್ಟುಕೊಳ್ಳಿ.